ಹಿಮ್ಮಡಿಗೆ ಬಿಸಿಲು ಹಿಡಿದ ದಿನಗಳು

ಕೆಲಸ ಒಪ್ಪಿಸುವಾಗ ಸೊಸೆ ಹೇಳಿದ್ದು ಎರಡೇ ಮಾತು. ಅತ್ತೆಗೆ ಎಣ್ಣೆ ತಿಕ್ಕಬೇಕು, ಆಮೇಲೆ ಟೆರೇಸಿಗೆ ಕರೆದೊಯ್ದು ಬಿಸಿಲಿಗೆ ಕೂರಿಸಬೇಕು. ಮೊದಲನೆಯದು ನನ್ನ ದಿನದ ಕೆಲಸ. ಆಂಟಾಪ್ ಹಿಲ್‌ನಿಂದ ವಡಾಲದವರೆಗೆ ಬಾಣಂತಿಯರ, ಕೂಸುಗಳ, ಮಂಡಿ ಹಿಡಿದ ಮುದುಕಿಯರ ಮೈ ತಿಕ್ಕಿಯೇ ನಾನು ಉಂಡಿದ್ದೇನೆ. ಎರಡನೆಯದು ಹೊಸದು. ಕೂಸಿಗೆ ಬಿಸಿಲು ತೋರಿಸಿದ್ದೆ, ಎಪ್ಪತ್ತೆರಡು ವರ್ಷದ ಹೆಂಗಸನ್ನು ಹಪ್ಪಳದ ಹಾಗೆ ಬಿಸಿಲಿಗಿಟ್ಟಿರಲಿಲ್ಲ.

ಆಕೆ ಉಡುಪಿಯ ಕಡೆಯವರು. ಗಂಡ ಹೋಟೆಲು ನಡೆಸಿ ತೀರಿಕೊಂಡಿದ್ದರು, ಈಗ ಮಗ ನಡೆಸುತ್ತಿದ್ದ. ಮಂಡಿನೋವಿನಿಂದ ಆಕೆ ಮೂರನೇ ಮಾಳಿಗೆಯಿಂದ ಇಳಿಯದೆ ಮೂರು ವರ್ಷವಾಗಿತ್ತು. ನಾನು ಅಮ್ಮಾರ ಎಂದು ಕರೆಯುತ್ತಿದ್ದೆ, ಆಕೆ ನನ್ನನ್ನು ಮಾರಾಯ್ತಿ ಎನ್ನುತ್ತಿದ್ದರು. ಸೊಸೆ ಬಾಂದ್ರಾದಲ್ಲಿ ಹುಟ್ಟಿ ಬೆಳೆದವಳು, ಕನ್ನಡ ನಿಂತು ನಿಂತು ಬರುತ್ತಿತ್ತು.

"ಮೌಶಿ, ಮಮ್ಮೀದು ವಿಟಮಿನ್ ಡಿ ಏಕದಮ್ ಲೋ ಇದೆ," ಎಂದು ರಕ್ತದ ರಿಪೋರ್ಟು ತೋರಿಸಿದಳು. "ಹಡ್ಡಿ, ಅದೇ ಮೂಳೆಗೆ ಮಾತ್ರ ಅಲ್ಲ, ಸ್ಕಿನ್‌ಗೂ ಬೇಕಂತೆ. ಮುಪ್ಪು ಬೇಗ ಬರಲ್ಲ, ಕ್ಯಾನ್ಸರ್ ಬರಲ್ಲ. ನಾನು ಮೊಬೈಲಲ್ಲಿ ಓದಿದೆ."

"ಹಂಗಾರ ನೀವೂ ಕೂಡ್ರಿ ಬಿಸಲಾಗ."

"ನಾನಾ? ಕಪ್ಪಾಗ್ತೀನಿ. ನಾನು ಪುಡಿ ತಗೊಳ್ತೀನಿ."

ಪುಡಿ ಎಂದರೆ ಡಾಕ್ಟರು ಬರೆದುಕೊಟ್ಟ ಸಣ್ಣ ಪೊಟ್ಟಣ. ವಾರಕ್ಕೊಂದು. ಭಾನುವಾರ ಹಾಲಿಗೆ ಹಾಕಿ ಕುಡಿಯುವುದು. ಬರೆದದ್ದು ಅತ್ತೆಗೆ, ಸೊಸೆಯೂ ಜೊತೆಗೆ ಕುಡಿಯುತ್ತಿದ್ದಳು.

ನಾನು ಹರೆಯದಲ್ಲಿ ಹನ್ನೊಂದು ವರ್ಷ ಕಟ್ಟಡದ ಮೇಲೆ ಇಟ್ಟಿಗೆ ಹೊತ್ತವಳು. "ಬಿಸಲು ಮುಖಾ ಕಾಯೂದಾದ್ರ ನನ್ನ ಮುಖಾ ಹಿಂಗ್ಯಾಕ ಆಗತಿತ್ರಿ?" ಎಂದೆ.

ಅಮ್ಮಾರು ಹಾಸಿಗೆಯಿಂದಲೇ ನಕ್ಕರು. "ನಿನ್ನ ಮುಖ ಒಣಗಿದ ಹುಣಸೆಹಣ್ಣು ಮಾರಾಯ್ತಿ. ಅದಕ್ಕೆ ಡಿ ಬಂದು ಎಂತ ಮಾಡುದು?"

ಮೊದಲು ಅವರನ್ನು ಬಾಲ್ಕನಿಯ ಗಾಜಿನ ಹಿಂದೆ ಕೂರಿಸುತ್ತಿದ್ದರಂತೆ. ಗಾಜು ದಾಟಿ ಬಂದ ಬಿಸಿಲಿನಿಂದ ಡಿ ಆಗುವುದಿಲ್ಲ, ಬೆಳಗಿನ ಎಳೆಬಿಸಿಲೂ ಸಾಲದು, ಹತ್ತೂವರೆ ದಾಟಲಿ ಎಂದು ಅದೇ ಕಟ್ಟಡದ ನೆಲಮಾಳಿಗೆಯ ದವಾಖಾನೆಯ ಡಾಕ್ಟರು ಹೇಳಿದ್ದರು. ಟೆರೇಸಿನಲ್ಲೂ ಬಿಸಿಲು ದಿನವಿಡೀ ಇರಲಿಲ್ಲ. ಎದುರಿಗೆ ಹೊಸ ಟವರ್ ಎದ್ದಿದೆ, ಅದರ ನೆರಳು ಒಂದು ಕಡೆ, ನೀರಿನ ಟಾಕಿಯ ನೆರಳು ಇನ್ನೊಂದು ಕಡೆ. ನಡುವೆ ನಾಲ್ಕು ಕುರ್ಚಿ ಹಿಡಿಯುವಷ್ಟು ಜಾಗಕ್ಕೆ ಮುಕ್ಕಾಲು ಗಂಟೆ ಬಿಸಿಲು ಬೀಳುತ್ತಿತ್ತು. ನವರಾತ್ರಿ ಮುಗಿದ ಮೇಲೆ ಕೆಲಸ ಹಿಡಿದೆ. ಒಂಬತ್ತೂವರೆಗೆ ಕೊಬ್ಬರಿ ಎಣ್ಣೆ ಬಿಸಿ ಮಾಡುವುದು, ಪಾದದಿಂದ ತೊಡೆಯವರೆಗೆ ಕೆಳಗಿನಿಂದ ಮೇಲಕ್ಕೆ ತಿಕ್ಕುವುದು, ಸೊಂಟ, ಬೆನ್ನು, ಕೈ. ಆಮೇಲೆ ಲಿಫ್ಟಿನಲ್ಲಿ ಏಳನೇ ಮಾಳಿಗೆ. ಅಲ್ಲಿಂದ ಹನ್ನೆರಡು ಮೆಟ್ಟಿಲು. ಆ ಹನ್ನೆರಡಕ್ಕೆ ಹತ್ತು ನಿಮಿಷ ಬೇಕಾಗುತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ ಬಲಗಾಲಿನ ಹಿಮ್ಮಡಿಯ ಹೊರಗಿನ ಅಂಚಿನಲ್ಲಿ ನನ್ನ ಬೆರಳಿಗೆ ಒಂದು ಗಟ್ಟಿ ಸಿಕ್ಕಿತು. ಕಡಲೆಬೇಳೆಯಷ್ಟು, ಒರಟು. ಕಪ್ಪಿತ್ತೇ ಎಂದು ಆಮೇಲೆ ಹಲವರು ಕೇಳಿದರು. ಇತ್ತು. ಕಂದುಗಪ್ಪು. ಆಯುಷ್ಯವೆಲ್ಲ ಅಡುಗೆಮನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರ ಹಿಮ್ಮಡಿ ಬೆಳ್ಳಗೆ ಎಲ್ಲಿರುತ್ತದೆ ಎಂದುಕೊಂಡೆ.

"ಅಮ್ಮಾರ, ಆಣಿ ಐತ್ರಿ ಇಲ್ಲಿ. ನೋಯ್ತದೇನ್ರಿ?"

"ನೋವೇನಿಲ್ಲ. ಚಪ್ಪಲಿ ಹಾಕಿದ್ರೆ ಒತ್ತುತ್ತದೆ ಅಷ್ಟೆ. ತೆಗೆದುಬಿಡು ನೋಡುವ, ನಿನಗೆ ಬರ್ತದಲ್ಲ?"

ಬರುತ್ತಿತ್ತು. ಎಷ್ಟು ಜನರ ಆಣಿ ತೆಗೆದಿದ್ದೆನೋ ಲೆಕ್ಕವಿಲ್ಲ. ನಮ್ಮ ಕಡೆ ಅದಕ್ಕೆ ಕರಿಗೇರು ಬೀಜ ಬಳಸುತ್ತೇವೆ, ಅಗಸರು ಬಟ್ಟೆಗೆ ಗುರುತು ಹಾಕುವ ಬೀಜ. ದಾದರಿನ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುತ್ತದೆ. ದೀಪಾವಳಿಯ ವಾರದಲ್ಲಿ ತಂದೆ. ಆಣಿಯ ಸುತ್ತ ಒಳ್ಳೆಯ ಚರ್ಮಕ್ಕೆ ಸುಣ್ಣ ಮೆತ್ತಿದೆ, ಇಲ್ಲದಿದ್ದರೆ ಗೇರೆಣ್ಣೆ ತಾಗಿದಲ್ಲೆಲ್ಲ ಬೊಬ್ಬೆ ಬರುತ್ತದೆ. ಬೀಜವನ್ನು ದಬ್ಬಣಕ್ಕೆ ಚುಚ್ಚಿ ದೀಪಕ್ಕೆ ಹಿಡಿದೆ. ಎಣ್ಣೆ ನೊರೆಯಾಗಿ ಹೊರಬಂತು. ಬ್ಲೇಡಿನಿಂದ ಆಣಿಯ ತಲೆ ಹೆರೆದು ಒಂದೇ ಹನಿ ಬಿಟ್ಟೆ. ಸುಟ್ಟ ಚರ್ಮ ಕಪ್ಪಾಗಿ ವಾರದೊಳಗೆ ಚಿಪ್ಪಿನ ಹಾಗೆ ಏಳಬೇಕು, ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಾಣಬೇಕು. ಚಿಪ್ಪು ಎದ್ದಿತು. ಗುಲಾಬಿ ಕಾಣಲಿಲ್ಲ, ಕಪ್ಪೇ ಇತ್ತು. ಬೇರು ಆಳದಲ್ಲಿದೆ ಎಂದು ಹನ್ನೆರಡು ದಿನ ಬಿಟ್ಟು ಎರಡನೇ ಹನಿ ಹಾಕಿದೆ. ಆ ಸಲ ಕೈ ಜಾರಿ ನನ್ನ ಹೆಬ್ಬೆಟ್ಟಿಗೂ ಒಂದು ಹನಿ ತಾಗಿತು. ಉಗುರಿನ ಪಕ್ಕದಲ್ಲಿ ಕಪ್ಪು ಚುಕ್ಕೆಯಾಯಿತು.

ಈಗ ಹಿಮ್ಮಡಿಯ ಮೇಲೆ ಎಂಟಾಣೆ ನಾಣ್ಯದಷ್ಟು ಕಪ್ಪು ಕಲೆ. ಗೇರಿನ ಕಲೆ ಬಟ್ಟೆಯಿಂದಲೇ ಹೋಗುವುದಿಲ್ಲ, ಚರ್ಮದಿಂದ ಹೋಗಲು ಹೊತ್ತು ಹಿಡಿಯುತ್ತದೆ. ಹಾಗೆಂದು ಅಮ್ಮಾರಿಗೆ ಹೇಳಿದೆ. ನನಗೂ ಹಾಗೆಯೇ ಹೇಳಿಕೊಂಡೆ.

ಡಿಸೆಂಬರಿನಲ್ಲಿ ಕಲೆಯ ನಡುವೆ ಬಾಯಿ ಬಿಟ್ಟಿತು. ಸಣ್ಣ ಹುಣ್ಣು, ಒಸರುತ್ತಿತ್ತು. ಬಿಳಿ ಬಟ್ಟೆಗೆ ಒತ್ತಿದರೆ ಕಂದು ನೀರು. ನಾನು ಅರಿಸಿನ ಹಚ್ಚಿದೆ, ಬೇವಿನ ನೀರಿನಲ್ಲಿ ತೊಳೆದೆ. ಉಳಿದ ಮೈ ಮಾತ್ರ ಚೆನ್ನಾಗಿ ಆಗುತ್ತಿತ್ತು. ಮೊಣಕಾಲಿನ ಕೆಳಗೆ ಮೀನಿನ ಹುರುಪೆಯಂತೆ ಉದುರುತ್ತಿದ್ದ ಚರ್ಮ ನಯವಾಗಿತ್ತು, ತುರಿಕೆ ನಿಂತಿತ್ತು. ಅದು ಎಣ್ಣೆಯ ಕೆಲಸವೋ ಪುಡಿಯ ಕೆಲಸವೋ ನನಗೆ ತಿಳಿಯದು. ಸೊಸೆಗೆ ತಿಳಿದಿತ್ತು.

"ನೋಡಿ ಮೌಶಿ, ಡಿ ಕೆಲಸ ಮಾಡ್ತಾ ಇದೆ. ಪಾದಕ್ಕೆ ಮಾತ್ರ ಬಿಸಿಲೇ ಬೀಳ್ತಾ ಇಲ್ಲ, ಅದಕ್ಕೇ ಹೀಲ್ ಆಗ್ತಿಲ್ಲ. ಪಾದ ಮೇಲೆ ಮಾಡಿ ಇಡಿ."

ನನಗೂ ಸರಿ ಎನಿಸಿತು. ಮರುದಿನದಿಂದ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ದಿಂಬಿಟ್ಟು, ಅಮ್ಮಾರ ಕಾಲು ಎತ್ತಿ ಇಟ್ಟೆ. ಹಿಮ್ಮಡಿ ಸೂರ್ಯನಿಗೆ ಮುಖ ಮಾಡಿರಬೇಕು. ಸೂರ್ಯ ಸರಿದ ಹಾಗೆ ಬಕೆಟ್ಟನ್ನೂ ಸರಿಸುತ್ತಿದ್ದೆ. ಹುಣ್ಣಿನ ವಾಸನೆಗೆ ನೊಣ ಬರುತ್ತಿದ್ದವು, ಸೆರಗಿನಿಂದ ಓಡಿಸುತ್ತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಇಪ್ಪತ್ತು ನಿಮಿಷ, ಆಮೇಲೆ ಮೂವತ್ತು.

"ಪೂಜೆಗೆ ಇಟ್ಟ ಹಾಗೆ ಇಟ್ಟಿದ್ದೀಯಲ್ಲ ಮಾರಾಯ್ತಿ, ಒಂದು ಆರತಿಯೂ ಎತ್ತಿಬಿಡು," ಎಂದರು ಅಮ್ಮಾರು.

"ಮೊದಲ ವಾಸಿ ಆಗಲಿ ಬಿಡ್ರಿ, ಎತ್ತೂಣು."

ತಿಂಗಳು ಹೀಗೆ ಹೋಯಿತು. ಹುಣ್ಣು ದೊಡ್ಡದಾಯಿತು.

ಜನವರಿಯಲ್ಲಿ ನೆಲಮಾಳಿಗೆಯ ಡಾಕ್ಟರ ಹತ್ತಿರ ಕರೆದೊಯ್ದೆ. ಒಳ್ಳೆಯ ಮನುಷ್ಯ, ಹೊರಗೆ ಸಾಲು ಮಾತ್ರ ಉದ್ದ. ಹಿಮ್ಮಡಿಗೆ ಟಾರ್ಚು ಹಿಡಿದು, ಈ ಕಪ್ಪು ಏನು ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮಾರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಗೇರಿಗೆ ಹಿಂದಿಯಲ್ಲಿ ಭಿಲಾವಾ. ಭಿಲಾವಾ ಹಚ್ಚಿದ್ದೆ ಡಾಕ್ಟರ್‌ಸಾಬ್, ಅದರ ಕಲೆ. ಡಾಕ್ಟರು ನನ್ನನ್ನು ಬೈದರು. ಇಂಥ ನಾಟಿ ಕೆಲಸದಿಂದಲೇ ಹುಣ್ಣಾದದ್ದು ಎಂದರು. ಸುಟ್ಟ ಗಾಯದ ಮುಲಾಮು ಬರೆದರು, ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿದರು, ಡಿ ಪುಡಿ ಮುಂದುವರಿಸಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಬೈಸಿಕೊಂಡರೂ ನನಗೆ ಹಗುರವಾಗಿತ್ತು. ನನ್ನ ತಪ್ಪು ಎಂದರೆ ಬರಿಯ ಸುಟ್ಟ ಗಾಯ. ಸುಟ್ಟ ಗಾಯ ಮಾಯುತ್ತದೆ.

ಆ ಹದಿನೈದು ದಿನ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಮುಲಾಮು ಹಚ್ಚುವಾಗ ನನ್ನ ಹೆಬ್ಬೆಟ್ಟು ಕಣ್ಣಿಗೆ ಬಿತ್ತು. ಅಮ್ಮಾರ ಹಿಮ್ಮಡಿಯ ಪಕ್ಕದಲ್ಲೇ ಇತ್ತು. ಉಗುರಿನ ಪಕ್ಕದ ಚುಕ್ಕೆ ಇರಲಿಲ್ಲ. ಯಾವಾಗ ಹೋಯಿತೆಂದು ನೆನಪು ಮಾಡಿಕೊಂಡೆ. ಡಿಸೆಂಬರು ಹುಟ್ಟುವ ಹೊತ್ತಿಗೇ ಸಿಪ್ಪೆ ಎದ್ದು ಹೋಗಿತ್ತು. ಒಂದೇ ಬೀಜ, ಒಂದೇ ದಿನ, ಒಂದೇ ಹನಿ. ನನ್ನದು ಹೋಗಿದೆ, ಇವರದು ಹೋಗಿಲ್ಲ. ಹೋಗದಿರುವುದಷ್ಟೇ ಅಲ್ಲ, ಅಂಚು ದಾಟಿ ಪಾದದ ಕಮಾನಿನ ಕಡೆಗೆ ನಾಲಿಗೆ ಚಾಚಿದೆ. ಗೇರಿನ ಕಲೆ ಬಿದ್ದಲ್ಲೇ ಬಿದ್ದಿರುತ್ತದೆ, ನಡೆಯುವುದಿಲ್ಲ.

ಮೇಲಕ್ಕೆ ತಿಕ್ಕುತ್ತ ಹೋದೆ. ತೊಡೆಯ ಸಂದಿಗೆ ಬಂದಾಗ ಬೆರಳು ನಿಂತಿತು. ಒಳಗೆ ಅಡಿಕೆಯಷ್ಟು ಗಡ್ಡೆ, ಕಲ್ಲಿನ ಹಾಗೆ. ಕಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದು ನನಗೆ ಗೊತ್ತು, ಆದರೆ ಅದು ಮುಟ್ಟಿದರೆ ನೋಯುತ್ತದೆ, ಬೆರಳಿಗೆ ಜಾರುತ್ತದೆ. ಇದು ನೋಯಲಿಲ್ಲ, ಜಾರಲಿಲ್ಲ.

"ಎಂತ ನಿಂತೆ?"

"ಇಲ್ರಿ. ಎಣ್ಣಿ ಆರೈತಿ."

ಎಣ್ಣೆ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ಅಂಜಿಕೆ ಅಮ್ಮಾರ ಬಗ್ಗೆ ಎಂದರೆ ಸುಳ್ಳಾಗುತ್ತದೆ. ಮೊದಲು ನನ್ನ ಬಗ್ಗೆಯೇ ಅಂಜಿದೆ. ಆ ಕಟ್ಟಡದಲ್ಲಿ ನನಗೆ ನಾಲ್ಕು ಮನೆ. ಕಪ್ಪು ನನ್ನ ಕಲೆಯಲ್ಲ ಎಂದರೆ, ಮೂರು ತಿಂಗಳು ನನ್ನ ಕಲೆ ಎಂದು ಯಾಕೆ ಹೇಳಿದೆ ಎಂದು ಕೇಳುತ್ತಾರೆ. ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಬಕೆಟ್ ಬೋರಲು ಹಾಕಿ ಕಾಲು ಎತ್ತಿಟ್ಟು ನೊಣ ಓಡಿಸಿದೆ.

ಮೂರನೆಯ ದಿನ ಸೊಸೆಗೆ ಗಡ್ಡೆಯ ವಿಷಯ, ಕಪ್ಪು ಹರಡಿದ ವಿಷಯ ಹೇಳಿ, ಆಸ್ಪತ್ರೆಗೆ ತೋರಿಸಿ ಎಂದೆ. ಅವಳು ಪೊಟ್ಟಣಗಳ ಡಬ್ಬಿ ತೆಗೆದು ತೋರಿಸಿದಳು.

"ಮೌಶಿ, ಇನ್ನೂ ಎರಡು ಬಾಕಿ ಇದೆ. ಕೋರ್ಸ್ ಪೂರಾ ಆಗಲಿ. ಡಿ ಸರಿ ಆದ್ರೆ ಇದೆಲ್ಲ ಅಪ್ನೇ ಆಪ್ ಹೋಗ್ತದೆ."

ಒಳಗಿನಿಂದ ಅಮ್ಮಾರೂ ದನಿಗೂಡಿಸಿದರು. "ನನಗೆ ಆಸ್ಪತ್ರೆ ಬೇಡ. ಹೋದವರನ್ನು ಕೊಯ್ಯದೆ ಕಳಿಸುದಿಲ್ಲ ಅಲ್ಲಿ."

ನಾನು ಎಣ್ಣೆಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟೆ. "ಹಂಗಾರ ಇವತ್ತಿಂದ ನಾ ಆ ಕಾಲ ಮುಟ್ಟೂದಿಲ್ರಿ. ನೀವು ಬ್ಯಾರೆಯವರನ್ನ ನೋಡಿಕೊಳ್ರಿ. ಆದ್ರ ಬ್ಯಾರೆಯವರು ಬಂದ್ರೂ ಅವರಿಗೂ ಹೇಳ್ತೀನಿ, ಕೆಳಗಿನ ಡಾಕ್ಟರಿಗೂ ಹೇಳ್ತೀನಿ. ಅದು ಗೇರಿನ ಕಲಿ ಅಲ್ಲ. ಗೇರು ಹಚ್ಚೂಕಿಂತ ಮೊದಲ ಕಪ್ಪಿತ್ತು. ನಾನ ನೋಡೀನಿ. ಡಾಕ್ಟರಿಗೆ ನಾ ಹೇಳಿದ್ದು ತಪ್ಪು."

ಸೊಸೆ ನನ್ನ ಮುಖವನ್ನೇ ನೋಡಿದಳು. "ಮೊದಲೇ ಕಪ್ಪಿತ್ತಾ?"

"ಇತ್ತು."

"ಮತ್ತೆ ಯಾಕೆ ಹಚ್ಚಿದ್ರಿ?"

"ಆಣಿ ಅಂದಕೊಂಡೆ."

ನಾನು ಕೆಳಗಿಳಿದು ಡಾಕ್ಟರ ಸಾಲಿನಲ್ಲಿ ನಿಂತೆ. ರೋಗಿ ಎಲ್ಲಿ ಎಂದರು, ಮನೆಯಲ್ಲಿದ್ದಾರೆ ಎಂದೆ, ಕಪ್ಪು ಗೇರಿಗಿಂತ ಮೊದಲೇ ಇತ್ತೆಂದೂ ಹೇಳಿದೆ. ಮೊದಲು ರೇಗಿದರು. ತೊಡೆಸಂದಿಯ ಗಡ್ಡೆಯ ಮಾತು ಬಂದ ಮೇಲೆ ಸಾಲನ್ನು ಬಿಟ್ಟು ಮೂರನೇ ಮಾಳಿಗೆಗೆ ಬಂದರು. ಎರಡು ಬೆರಳಿನಿಂದ ಒತ್ತಿ ನೋಡಿ, ಕೈ ತೊಳೆದು, ಅಲ್ಲೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಚೀಟಿಯನ್ನು ಸೊಸೆಯ ಕೈಗೆ ಕೊಡುವಾಗ ನಾಳೆಯೇ ಹೋಗಬೇಕು ಎಂದರು. ಪುಡಿಯ ಮಾತು ಎತ್ತಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಬರಿಯ ಸಾಲು. ಮಗನಿಗೆ ಹೋಟೆಲು, ಸೊಸೆಗೆ ಕಾಗದಪತ್ರ, ಗಾಲಿಕುರ್ಚಿ ತಳ್ಳುವವಳು ನಾನು. ಹಿಮ್ಮಡಿಯಿಂದ ಸಣ್ಣ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ತೊಡೆಯ ಗಡ್ಡೆಗೆ ಸೂಜಿ ಹಾಕಿದರು. ಹತ್ತು ದಿನಕ್ಕೆ ಬಂದ ರಿಪೋರ್ಟನ್ನು ಸೊಸೆ ಮೊಬೈಲಿಗೆ ಕಳಿಸಿದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಮೊಮ್ಮಗಳು ಓದಿದಳು. ಒಂದು ಸಾಲು ಓದಿ ನಿಲ್ಲಿಸಿ, "ಆಯಿ, ಚರ್ಮದ ಕ್ಯಾನ್ಸರ್ ಅಂತ ಬರದಾರ. ಕೆಟ್ಟ ಜಾತೀದು," ಎಂದಳು.

ದೊಡ್ಡ ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಸೊಸೆ ಕೇಳಿದ ಮೊದಲ ಪ್ರಶ್ನೆಯೇ ಡಿ ಬಗ್ಗೆ. ಅಷ್ಟು ಪುಡಿ ಕುಡಿಸಿದೆವು, ಅಷ್ಟು ಬಿಸಿಲು ಹಿಡಿಸಿದೆವು, ಹೇಗೆ ಬಂತು? ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದ್ದು ನನಗೆ ಪೂರಾ ತಿಳಿಯಿತು. ಡಿ ಮೂಳೆಗೆ ಬೇಕೇ ಬೇಕು. ಚರ್ಮದಲ್ಲೂ ಅದಕ್ಕೆ ಕೆಲಸವಿದೆ, ಹಳೆಯ ಕಣ ಸತ್ತು ಹೊಸತು ಹುಟ್ಟುವುದನ್ನು ಹದದಲ್ಲಿಡುತ್ತದೆ, ಬಿಸಿಲಿನಿಂದ ಕೆಟ್ಟದ್ದನ್ನು ರಿಪೇರಿ ಮಾಡಲು ನೆರವಾಗುತ್ತದೆ ಎನ್ನುತ್ತಾರೆ. ಮುಪ್ಪನ್ನು, ಕ್ಯಾನ್ಸರನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಇನ್ನೂ ಶೋಧಿಸುತ್ತಿದ್ದಾರೆ, ಯಾರೂ ಖಚಿತ ಹೇಳಲಾರರು. ಹುಟ್ಟಿಕೊಂಡ ಕ್ಯಾನ್ಸರಿಗೆ ಅದು ಔಷಧಿಯಲ್ಲ. ಡಿ ಕೊಡುವ ಬಿಸಿಲೇ ಮಿತಿ ಮೀರಿದರೆ ಚರ್ಮವನ್ನು ಸುಕ್ಕುಗಟ್ಟಿಸುತ್ತದೆ, ಕೆಡಿಸುತ್ತದೆ. ಆದರೆ ಇವರ ಹಿಮ್ಮಡಿಯ ಕ್ಯಾನ್ಸರಿಗೆ ಬಿಸಿಲು ಕಾರಣವಲ್ಲ. ನಮ್ಮಂಥ ಕಪ್ಪು ಮೈಯವರಿಗೆ ಈ ಜಾತಿಯದು ಹೆಚ್ಚಾಗಿ ಬರುವುದೇ ಅಂಗಾಲಿಗೆ, ಅಂಗೈಗೆ, ಉಗುರಿನ ಕೆಳಗೆ. ಬಿಸಿಲು ಕಾಣದ ಜಾಗಕ್ಕೆ.

ಸೊಸೆ ಹೊರಗೆ ಹೋದ ಮೇಲೆ ನಾನು ನಿಂತೆ. ನನ್ನ ಗೇರೆಣ್ಣೆಯಿಂದ ಬಂತೇ ಎಂದು ಕೇಳಿದೆ.

"ಇಲ್ಲ," ಎಂದರು. "ಮೊದಲೇ ಇತ್ತು. ನಿಮ್ಮ ಎಣ್ಣೆ ಅದನ್ನು ಮುಚ್ಚಿಟ್ಟಿತು."

"ನಾನು ದಿನಾ ಕೆಳಗಿನಿಂದ ಮೇಲಕ್ಕೆ ತಿಕ್ಕುತ್ತಿದ್ದೆ. ಅದಕ್ಕೇ ಮೇಲೆ ಹೋಯಿತೇ?"

"ಹಾಗೆಂದು ಹೇಳಲು ಬರುವುದಿಲ್ಲ. ಇಲ್ಲವೆಂದೂ ಹೇಳಲಾರೆ. ಗಡ್ಡೆ ಇದ್ದಲ್ಲಿ ತಿಕ್ಕಬೇಡಿ."

"ದೀಪಾವಳಿಯಲ್ಲೇ ತಂದಿದ್ದರೆ?"

"ಹಿಮ್ಮಡಿಯ ಚರ್ಮವಷ್ಟೇ ತೆಗೆದರೆ ಸಾಕಾಗುತ್ತಿತ್ತು. ಬಹುಶಃ ಬೇರೆಲ್ಲೂ ಹೋಗುತ್ತಿರಲಿಲ್ಲ."

ಬಹುಶಃ ಎಂಬ ಮಾತನ್ನು ಅವರು ಕರುಣೆಯಿಂದ ಸೇರಿಸಿದರೋ, ನಿಜವಾಗಿಯೋ, ನನಗೆ ತಿಳಿಯಲಿಲ್ಲ.

ಹುಣ್ಣು ಮೂಳೆಗೆ ಇಳಿದಿತ್ತು. ಹೋಳಿಗೆ ಮೊದಲು ಮೊಣಕಾಲಿನ ಕೆಳಗೆ ಕಾಲು ತೆಗೆದರು, ತೊಡೆಸಂದಿಯ ಗಡ್ಡೆಗಳನ್ನೂ ತೆಗೆದರು. ಮನೆಗೆ ಬಂದ ಮೇಲೆ ಸೊಸೆ ನನ್ನನ್ನು ಕರೆಯಲಿಲ್ಲ. ಕಟ್ಟಡದ ಇನ್ನೆರಡು ಮನೆಗಳೂ ಬೇಡವೆಂದವು. ಲಿಫ್ಟಿನಲ್ಲಿ ಸಿಕ್ಕ ಒಬ್ಬಾಕೆ ತನ್ನ ಅಂಗಾಲನ್ನು ನನ್ನಿಂದ ಮುಚ್ಚುವವಳಂತೆ ಹಿಂದೆ ಸರಿದಳು. ನಾನು ಜಗಳವಾಡಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಸರಿಯುತ್ತಿದ್ದೆ. ಉಳಿದ ಮನೆಗಳಲ್ಲಿ ಎಣ್ಣೆ ಮುಟ್ಟುವ ಮೊದಲು ಅಂಗಾಲು, ಬೆರಳ ಸಂದು, ಉಗುರು ನೋಡುವುದನ್ನು ಶುರು ಮಾಡಿದೆ. ಗೇರುಬೀಜದ ಡಬ್ಬಿಯನ್ನು ಕಸಕ್ಕೆ ಹಾಕಿದೆ.

ಮಳೆ ಹಿಡಿಯುವ ಹೊತ್ತಿಗೆ ಸೊಸೆಯ ಫೋನು ಬಂತು. ಮಮ್ಮಿ ಕರೀತಿದ್ದಾರೆ, ಎರಡು ದಿನದಿಂದ ಊಟ ಮಾಡುತ್ತಿಲ್ಲ, ಬನ್ನಿ ಎಂದಳು. ಬಾಗಿಲಲ್ಲೇ ನಿಲ್ಲಿಸಿ ದನಿ ತಗ್ಗಿಸಿ ಹೇಳಿದಳು. ಹೊಸ ಸ್ಕ್ಯಾನಿನಲ್ಲಿ ಎದೆಯೊಳಗೆ ಕಂಡಿದೆ, ಎರಡೂ ಕಡೆ. ಡಾಕ್ಟರು ತಿಂಗಳುಗಳ ಲೆಕ್ಕದಲ್ಲಿ ಮಾತಾಡಿದ್ದಾರೆ. "ಮಮ್ಮಿಗೆ ಹೇಳಿಲ್ಲ. ಎಲ್ಲ ಸಾಫ್ ಆಯ್ತು ಅಂತ ಹೇಳಿದ್ದೀವಿ. ನೀವೂ ಹಾಗೇ ಹೇಳಿ ಮೌಶಿ, ಪ್ಲೀಸ್."

ಅಮ್ಮಾರು ದಿಂಬಿಗೆ ಒರಗಿ ಕೂತಿದ್ದರು. ಮುಖ ಅರ್ಧವಾಗಿತ್ತು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಹೊದಿಕೆ ಬಲಕ್ಕೆ ಮೊಣಕಾಲಿನ ಹತ್ತಿರವೇ ತಗ್ಗಾಗಿತ್ತು. ತಿಕ್ಕಲು ಬಂದವಳು ನಾನು, ಎಲ್ಲಿ ಕೂರಬೇಕೆಂದು ತಿಳಿಯದೆ ಎಡಕ್ಕೆ ಕೂತೆ.

"ನೀನು ಬರ್ಲೇ ಇಲ್ಲ."

"ಕರೀಲಿಲ್ರಿ."

"ಹೂಂ." ಅಮ್ಮಾರು ದಿಂಬಿನ ಮೇಲೆ ಸ್ವಲ್ಪ ಮೇಲಕ್ಕೆ ಸರಿದರು. "ಒಂದು ಕೇಳ್ತೇನೆ. ಇವರೆಲ್ಲ ನನ್ನ ಹತ್ರ ಸಣ್ಣ ಮಕ್ಕಳ ಹತ್ರ ಮಾತಾಡಿದ ಹಾಗೆ ಮಾತಾಡ್ತಾರೆ. ನೀನಾದ್ರೆ ಹೇಳ್ತೀಯ. ನೀನು ಗೇರೆಣ್ಣೆ ಹಚ್ಚಿದ ದಿನವೇ ಡಾಕ್ಟ್ರ ಹತ್ರ ಹೋಗಿದ್ರೆ ಇದು ಉಳೀತಿತ್ತಾ?" ಎಂದು ತಗ್ಗಾದ ಜಾಗವನ್ನು ಕೈಯಿಂದ ತಟ್ಟಿದರು.

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನನ್ನು ನೋಡುತ್ತಿದ್ದಳು. ತಲೆಯನ್ನು ಅಡ್ಡಕ್ಕೆ ಆಡಿಸಿದಳು. ನಾನು ಡಾಕ್ಟರಿಗೆ ಒಮ್ಮೆ ಹೇಳಿದ ಸುಳ್ಳಿಗೆ ಎರಡು ವಾರ ಹೋಗಿತ್ತು, ನನಗೇ ಹೇಳಿಕೊಂಡ ಸುಳ್ಳಿಗೆ ಮೂರು ತಿಂಗಳು.

"ಉಳೀತಿತ್ತಂತ್ರಿ," ಎಂದೆ. "ಕಾಲೂ ಉಳೀತಿತ್ತು, ನೀವೂ ಉಳೀತಿದ್ರಿ."

ಸೊಸೆ ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

ಅಮ್ಮಾರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಆಕೆ ಕಿಟಕಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಎಷ್ಟು ದಿವಸ ಅಂತೆ?"

"ತಿಂಗಳ ಲೆಕ್ಕದಾಗ ಅಂದಾರಂತ."

"ಹಾಗಾದ್ರೆ ಮಗನನ್ನು ಸಂಜೆ ಬೇಗ ಬರ್ಲಿಕ್ಕೆ ಹೇಳು. ಹೇಳ್ಲಿಕ್ಕೆ ಸುಮಾರು ಉಂಟು." ಹೊದಿಕೆ ಸರಿಸಿ ಎಡಗಾಲನ್ನು ನನ್ನ ಮಡಿಲಿಗೆ ಚಾಚಿದರು. "ಇದನ್ನು ಸ್ವಲ್ಪ ಒತ್ತು. ಈಗ ಎರಡರ ಭಾರವೂ ಇದರ ಮೇಲೇ."

ಮೊದಲು ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಆಕೆ ತಡೆಯಲಿಲ್ಲ. ಬೆರಳ ಸಂದು ಬಿಡಿಸಿದೆ, ಹಿಮ್ಮಡಿಯನ್ನು ಒತ್ತಿದೆ. ಏನೂ ಇರಲಿಲ್ಲ. ಎಣ್ಣೆ ಕೈಗೆ ಹಾಕಿಕೊಂಡು ಒತ್ತತೊಡಗಿದೆ.